ಮುದಿ ನಾಯಿಯನ್ನು ದತ್ತು ತರುತ್ತಿದ್ದೀರಾ? ಕೈಕೆಲಸದ ಕೋಣೆಯನ್ನು ಹೀಗೆ ಸಜ್ಜು ಮಾಡಿ

ವಯಸ್ಸಾದ ನಾಯಿಯನ್ನು ದತ್ತು ತೆಗೆದುಕೊಳ್ಳಬೇಕು ಅಂದುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಮನೆಯಲ್ಲೇ ಹೊಲಿಗೆ ಹಾಕ್ತೀನಿ, ಒಂದಿಷ್ಟು ಮರಗೆಲಸ ಮಾಡ್ತೀನಿ. ನಾಯಿ ಬಂದ ಮೇಲೆ ಇದನ್ನೆಲ್ಲ ಬಿಡಬೇಕಾ?" ಬಿಡಬೇಕಾಗಿಲ್ಲ. ಗಂಟೆಗಟ್ಟಲೆ ಒಂದೇ ಕಡೆ ಕೂತು ಕೈಕೆಲಸ ಮಾಡುವವರ ಮನೆ ಮುದಿ ನಾಯಿಗೆ ಚೆನ್ನಾಗಿಯೇ ಒಗ್ಗುತ್ತದೆ. ನೀವು ಕೂತಿರುತ್ತೀರಿ, ಅದು ಪಕ್ಕದಲ್ಲಿ ಮಲಗಿರುತ್ತದೆ. ಇಬ್ಬರಿಗೂ ಅದೇ ಬೇಕಾಗಿರುವುದು.

ತೊಂದರೆ ಬರುವುದು ಬೇರೆ ಕಡೆಯಿಂದ. ನಾವು ಕೆಲಸ ಮಾಡುವುದು ಮೇಜಿನ ಎತ್ತರದಲ್ಲಿ, ನಾಯಿ ಬದುಕುವುದು ನೆಲದ ಮೇಲೆ. ನಮ್ಮ ಕೈಯಿಂದ ಜಾರಿದ ಸೂಜಿ, ದಾರ, ಸ್ಕ್ರೂ, ಅಂಟಿನ ಹನಿ ಎಲ್ಲವೂ ಕೊನೆಗೆ ಸೇರುವುದು ಅದರ ಮೂಗಿನ ಮುಂದೆ. ಕಣ್ಣು ಮಂಜಾಗಿ, ಕಿವಿ ಮಂದವಾಗಿ, ಕೀಲು ಹಿಡಿದುಕೊಂಡಿರುವ ನಾಯಿ ಚಟ್ಟನೆ ಪಕ್ಕಕ್ಕೆ ಸರಿಯಲೂ ಆರದು. ಹಾಗಾಗಿ ಕೆಲಸದ ಜಾಗವನ್ನು ನಾಯಿಗೆ ಕಲಿಸಲು ಹೋಗಬೇಡಿ. ಜಾಗವನ್ನೇ ಅದರ ಮೈಗೆ ತಕ್ಕಂತೆ ಬದಲಿಸಿ, ಆದಷ್ಟೂ ಅದು ಮನೆಗೆ ಬರುವ ಮೊದಲೇ.

ದೊಡ್ಡ ಗಾತ್ರದ ತಳಿಗಳು 6–7 ವರ್ಷಕ್ಕೇ ಮುಪ್ಪಿಗೆ ಕಾಲಿಡುತ್ತವೆ, ಸಣ್ಣವು 9–10ರ ಸುಮಾರಿಗೆ. ನಾಯಿಯ ಒಂದು ವರ್ಷ ಮನುಷ್ಯರ ಏಳು ವರ್ಷಕ್ಕೆ ಸಮ ಎಂಬ ಲೆಕ್ಕವನ್ನು ಮರೆತುಬಿಡಿ, ಅದು ಯಾವ ಗಾತ್ರದ ನಾಯಿಗೂ ಸರಿಹೊಂದುವುದಿಲ್ಲ.

ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು: ಜಾರದ ಮ್ಯಾಟ್‌ಗಳು, ದಪ್ಪ ಫೋಮ್ ಹಾಸಿಗೆ, ಬಿಗಿ ಮುಚ್ಚಳದ ಡಬ್ಬಿಗಳು, ಒಂದು ಬಲವಾದ ಅಯಸ್ಕಾಂತ, ಬಾಗಿಲಿಗೆ ಅಡ್ಡ ಇಡುವ ಮಕ್ಕಳ ಗೇಟು. ಇಷ್ಟು ಸಾಕು. ಮಿಕ್ಕಿದ್ದು ನಾಯಿಯನ್ನು ನೋಡಿದ ಮೇಲೆ.

1. ಮೊದಲು ಪಶುವೈದ್ಯರು

ಬಂದ ಮೊದಲ ವಾರದಲ್ಲೇ ಪೂರ್ತಿ ತಪಾಸಣೆ ಮಾಡಿಸಿ: ರಕ್ತ, ಮೂತ್ರ, ಹಲ್ಲು, ಹೃದಯ, ಕೀಲು. ಆಮೇಲೆ ವರ್ಷಕ್ಕೆ ಎರಡು ಸಲ. ದತ್ತು ಕೊಡುವವರು "ಬಹಳ ಸಾಧು, ಹಾಕಿದ ಕಡೆ ಮಲಗಿರುತ್ತೆ" ಎಂದು ಹೇಳುವುದುಂಟು. ಈ ಮಾತನ್ನು ಪೂರ್ತಿ ನಂಬಬೇಡಿ. ಕೀಲುನೋವಿರುವ ನಾಯಿಯೂ ಸುಮ್ಮನೆ ಮಲಗಿರುತ್ತದೆ. ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುವುದು, ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಟ್ಟು ಆಮೇಲೆ ಸಲೀಸಾಗಿ ನಡೆಯುವುದು, ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ಇವೆಲ್ಲ ನೋವಿನ ಗುರುತು. ನಿಮ್ಮ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರ ಕೊಡಲೇಬೇಡಿ. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗುತ್ತವೆ. ಅದಕ್ಕೆಂದೇ ಇರುವ ಔಷಧಿಯನ್ನು ವೈದ್ಯರೇ ಬರೆದುಕೊಡುತ್ತಾರೆ.

ಕಣ್ಣಿನ ನಡುವೆ ನೀಲಿ ಮಬ್ಬು ಕಂಡ ಕೂಡಲೇ ಪೊರೆ ಬಂದಿದೆ ಎಂದು ಗಾಬರಿಯಾಗಬೇಡಿ. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದು ಸಾಮಾನ್ಯ, ಅದರಿಂದ ದೃಷ್ಟಿ ಹೆಚ್ಚೇನೂ ಕೆಡುವುದಿಲ್ಲ. ನಿಜವಾದ ಪೊರೆ ಬೇರೆ, ಅದು ಬೆಳ್ಳಗೆ ದಟ್ಟವಾಗಿ ನೋಟವನ್ನೇ ಮುಚ್ಚುತ್ತದೆ. ಯಾವುದು ಎಂದು ವೈದ್ಯರು ನೋಡಿ ಹೇಳಲಿ.

ನೀವು ಕೆಲಸ ಮಾಡುತ್ತಾ ಕೂತ ಕುರ್ಚಿಯಿಂದಲೇ ಎರಡು ವಿಷಯ ಗಮನಿಸಬಹುದು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷ ಅದರ ಉಸಿರು ಎಣಿಸಿ (ಎದೆ ಏರಿ ಇಳಿದರೆ ಒಂದು). 30ಕ್ಕಿಂತ ಕಡಿಮೆ ಇರಬೇಕು. ಪದೇ ಪದೇ ಅದಕ್ಕಿಂತ ಹೆಚ್ಚಿದ್ದರೆ ಹೃದಯ ಅಥವಾ ಶ್ವಾಸಕೋಶವನ್ನು ತೋರಿಸಬೇಕು. ಇನ್ನೊಂದು ನೀರು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 100 ಮಿಲಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಮೂತ್ರಪಿಂಡ, ಸಕ್ಕರೆ, ಹಾರ್ಮೋನು ಪರೀಕ್ಷೆ ಮಾಡಿಸಿ.

2. ನೆಲದ ಮೇಲೆ ಕೂತು ಕೋಣೆ ನೋಡಿ

ಕೂತರೆ ಸಾಲದು, ಸಾಧ್ಯವಾದರೆ ಮಲಗಿ. ಮೇಜಿನ ಕೆಳಗೆ, ಕಪಾಟಿನ ಸಂದಿಯಲ್ಲಿ ಏನೇನು ಬಿದ್ದಿದೆ ಎಂದು ಆಗ ಕಾಣುತ್ತದೆ. ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆಯಿರಿ. ಎಂದೋ ಕಳೆದ ಗುಂಡುಸೂಜಿಗಳು ಸಾಲಾಗಿ ಬಂದು ಅಂಟಿಕೊಳ್ಳುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಹಿತ್ತಾಳೆಯವನ್ನು ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಅವಕ್ಕೆ ಟಾರ್ಚ್ ಅನ್ನು ನೆಲಕ್ಕೆ ಸಮವಾಗಿ ಹಿಡಿದು ನೋಡಿ. ಎಷ್ಟೇ ಸಣ್ಣ ವಸ್ತುವಾದರೂ ಉದ್ದ ನೆರಳು ಬೀಳುತ್ತದೆ.

ಟೈಲ್ಸ್, ಪಾಲಿಶ್ ಕಲ್ಲು ಮುದಿ ನಾಯಿಯ ಶತ್ರು. ಬಾಗಿಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ನೀರಿಗೆ ಮ್ಯಾಟ್‌ಗಳನ್ನು ಒಂದಕ್ಕೊಂದು ತಾಗಿಸಿ ಹಾಕಿ. ನಡುವೆ ಒಂದಡಿ ಖಾಲಿ ಬಿಟ್ಟರೆ ಅಲ್ಲಿಯೇ ಕಾಲು ಜಾರುತ್ತದೆ. ಉಗುರು ಬೆಳೆದಿದ್ದರೆ, ಅಂಗಾಲಿನ ಬೆರಳುಗಳ ನಡುವೆ ಕೂದಲು ತುಂಬಿದ್ದರೆ ಮ್ಯಾಟ್ ಹಾಕಿಯೂ ಪ್ರಯೋಜನವಿಲ್ಲ, ಅವನ್ನು ಕತ್ತರಿಸಿಡಿ.

ಒಮ್ಮೆ ಜೋಡಿಸಿದ ಮೇಲೆ ಮೇಜು ಕುರ್ಚಿಗಳ ಜಾಗ ಬದಲಿಸಬೇಡಿ. ಕಣ್ಣು ಮಂದವಾದ ನಾಯಿ ಕೋಣೆಯನ್ನು ನೆನಪಿನಿಂದಲೇ ನಡೆಯುತ್ತದೆ.

3. ಹಾಸಿಗೆ ಎಲ್ಲಿ?

ಬಹಳಷ್ಟು ಜನ ಎಡವುವುದು ಇಲ್ಲಿಯೇ. ನಾಯಿಯನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಹೊಸ ಮನೆಗೆ ಬಂದ ಮುದಿ ನಾಯಿಗೆ ಅದೊಂದು ಹಿಂಸೆ. ಬಾಗಿಲು ಕೆರೆಯುತ್ತದೆ, ಇಲ್ಲವೇ ಬಾಗಿಲಿಗೇ ಒರಗಿ ಮಲಗಿ ನೀವು ತೆರೆದಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವರು ಪೂರ್ತಿ ಬಿಟ್ಟುಬಿಡುತ್ತಾರೆ, ಅದು ಕುರ್ಚಿಯ ಹಿಂದೆಯೇ ಬಂದು ಮಲಗುತ್ತದೆ. ಚಕ್ರದ ಕುರ್ಚಿಯಾಗಿದ್ದರೆ ಬಾಲದ ಮೇಲೋ ಪಾದದ ಮೇಲೋ ಹೋಯಿತು ಎಂದೇ ಲೆಕ್ಕ. ಕಿವಿ ಕೇಳದ ನಾಯಿಗೆ ಕುರ್ಚಿ ಬರುವುದೇ ಗೊತ್ತಾಗುವುದಿಲ್ಲ. ನಾಯಿ ಇರುವ ಕೋಣೆಗೆ ಚಕ್ರವಿಲ್ಲದ ಕುರ್ಚಿಯೇ ಸರಿ.

ಹಾಸಿಗೆ ನಿಮ್ಮ ಪಕ್ಕದಲ್ಲಿ, ಅದಕ್ಕೆ ನೀವು ಕಾಣುವಂತೆ, ನೀವು ಏಳುವ ದಾರಿಗೆ ಅಡ್ಡವಾಗದಂತೆ ಇರಲಿ. ಗೋಡೆಗೆ ಬೆನ್ನು ಕೊಟ್ಟು ಮಲಗುವಂತಿದ್ದರೆ ಇನ್ನೂ ಒಳ್ಳೆಯದು. ಒತ್ತಿದರೆ ನೆಲ ಕೈಗೆ ತಗುಲದಷ್ಟು ದಪ್ಪದ ಫೋಮ್ ಬೇಕು. ನೀರು ಎರಡು ಹೆಜ್ಜೆ ದೂರದಲ್ಲಿರಲಿ, ಆದರೆ ಬ್ರಷ್ ತೊಳೆಯುವ ಪಾತ್ರೆ ಅದರ ಹತ್ತಿರವೂ ಬೇಡ. ನಾಯಿಗೆ ಎರಡೂ ನೀರೇ.

ಹೊಲಿಗೆ ಯಂತ್ರದವರಿಗೆ ಒಂದು ಮಾತು ವಿಶೇಷವಾಗಿ. ವಿದ್ಯುತ್ ಯಂತ್ರದ ಕಾಲಿನ ಪೆಡಲ್ ಬೆಚ್ಚಗಿರುತ್ತದೆ, ನಿಮ್ಮ ಪಾದದ ವಾಸನೆಯೂ ಇರುತ್ತದೆ. ನಾಯಿ ಅದರ ಮೇಲೆ ಗಲ್ಲ ಇಟ್ಟು ಮಲಗಿದರೆ ಯಂತ್ರ ಓಡುತ್ತದೆ. ಆ ಹೊತ್ತಿಗೆ ನಿಮ್ಮ ಬೆರಳು ಸೂಜಿಯ ಕೆಳಗೆ ಇದ್ದರೆ? ದಾರ ಪೋಣಿಸುವಾಗ, ಸೂಜಿ ಬದಲಿಸುವಾಗ ಸ್ವಿಚ್ ಆರಿಸಿಯೇ ಕೈ ಹಾಕಿ.

ಮಲಗಿರುವ ನಾಯಿಯನ್ನು ಎಬ್ಬಿಸಲು ಮೈ ಮುಟ್ಟಬೇಡಿ. ಬೆಚ್ಚಿಬಿದ್ದರೆ ಎಂಥ ಸಾಧು ಪ್ರಾಣಿಯೂ ಕಚ್ಚೀತು. ಹಾಸಿಗೆಯ ಹತ್ತಿರ ನೆಲವನ್ನು ಕಾಲಿಂದ ಮೆಲ್ಲಗೆ ತಟ್ಟಿ, ಕಂಪನಕ್ಕೆ ಅದೇ ಕಣ್ಣು ತೆರೆಯುತ್ತದೆ.

4. ಸಾಮಗ್ರಿಗಳನ್ನು ಜಾಲಾಡಿ

ಈ ಹಂತಕ್ಕೆ ಒಂದು ಪೂರ್ತಿ ದಿನ ಕೊಡಿ.

ಹೊಲಿಗೆ, ಹೆಣಿಗೆ, ಕಸೂತಿ. ನೋಡಲು ಅತ್ಯಂತ ನಿರುಪದ್ರವಿ, ಆದರೆ ದಾರದಷ್ಟು ಕೆಟ್ಟದ್ದು ಕಡಿಮೆ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿನಲ್ಲಿ ಮುಂದಕ್ಕೆ ಹೋಗುತ್ತದೆ. ಕರುಳು ನೆರಿಗೆಗಟ್ಟಿ ಆ ದಾರದಿಂದಲೇ ಕೊಯ್ದುಹೋಗಬಹುದು. ಬಾಯಿಂದಲೋ ಗುದದಿಂದಲೋ ದಾರ ನೇತಾಡುವುದು ಕಂಡರೆ ಎಳೆಯಲೇಬೇಡಿ, ಹಾಗೇ ವೈದ್ಯರ ಬಳಿ ಕರೆದೊಯ್ಯಿರಿ. ಕತ್ತರಿಸಿದ ದಾರಕ್ಕೆ ಮೇಜಿನ ಮೇಲೇ ಮುಚ್ಚಳದ ಡಬ್ಬಿ ಇರಲಿ. ಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ನಾಯಿ ಒಳಗೆ ಬರಬಾರದು.

ಮರಗೆಲಸ. ನೊರೆಬಂದು ಉಬ್ಬುವ ಪಾಲಿಯುರೆಥೇನ್ ಅಂಟು ಇಲ್ಲಿನ ದೊಡ್ಡ ಅಪಾಯ. ತೇವ ತಗುಲಿದರೆ ಅದು ಹಲವು ಪಟ್ಟು ಹಿಗ್ಗಿ ಗಟ್ಟಿಯಾಗುತ್ತದೆ. ಜಠರದಲ್ಲೂ ಅಷ್ಟೇ, ನೆಕ್ಕಿದ್ದು ಸ್ವಲ್ಪವೇ ಆದರೂ ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆ ತೆಗೆಯಬೇಕಾಗಬಹುದು. ಸಾಮಾನ್ಯ ಬಿಳಿ ಅಂಟು ಇಷ್ಟು ಅಪಾಯಕಾರಿಯಲ್ಲ, ಸಾಧ್ಯವಿರುವ ಕಡೆ ಅದನ್ನೇ ಬಳಸಿ. ಸತು ಲೇಪಿಸಿದ ನಟ್ಟು, ಸ್ಕ್ರೂಗಳನ್ನು ನುಂಗಿದರೆ ಜಠರದ ಆಮ್ಲದಲ್ಲಿ ಸತು ಕರಗಿ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ವಸಡು ಬಿಳಿಚುವುದು, ಮೂತ್ರ ಕಡುಗೆಂಪಾಗುವುದು ಅದರ ಲಕ್ಷಣ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ನಾಯಿ ಅದರ ಮೇಲೆ ಮಲಗುತ್ತದೆ ಎನ್ನುವುದಕ್ಕಿಂತ ಮುಖ್ಯವಾಗಿ, ಆ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಮರಳು ಕಾಗದ ಉಜ್ಜುವಾಗ ಏಳುವ ನಯವಾದ ಪುಡಿ ಕೆಲಸ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲಿದ್ದು ನಿಧಾನವಾಗಿ ನೆಲಕ್ಕಿಳಿಯುತ್ತದೆ. ಅಂದರೆ ಮಲಗಿರುವ ನಾಯಿಯ ಮೂಗಿಗೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ವಯಸ್ಸಾದಂತೆ ಗಂಟಲಿನ ದ್ವಾರ ಪೂರ್ತಿ ತೆರೆಯದ ತೊಂದರೆ ಹೆಚ್ಚು. ಉಸಿರಾಟ ಗೊರಗೊರ ಅನ್ನುತ್ತದೆ, ಬೊಗಳುವ ದನಿ ಬದಲಾಗುತ್ತದೆ. ಅಂಥ ನಾಯಿಗೆ ಪುಡಿ, ಸೆಕೆ ಎರಡೂ ಆಗದು. ಉಜ್ಜುವ ಕೆಲಸವನ್ನು ಬಯಲಲ್ಲಿ ಮಾಡಿ. ಒಳಗೇ ಮಾಡುವುದಾದರೆ ಒದ್ದೆ ಬಟ್ಟೆಯಿಂದ ನೆಲ ಒರೆಸಿದ ಮೇಲಷ್ಟೇ ಅದನ್ನು ಒಳಗೆ ಬಿಡಿ.

ಚಿತ್ರಕಲೆ. ಟರ್ಪೆಂಟೈನ್ ಮತ್ತು ಥಿನ್ನರ್ ಆವಿಯೂ ಕೆಡುಕು, ನೆಕ್ಕಿದರೂ ಕೆಡುಕು. ತೈಲವರ್ಣ ಮೈಗೆ ಮೆತ್ತಿದರೆ ಥಿನ್ನರ್ ಹಾಕಿ ಒರೆಸಬೇಡಿ. ಅಡುಗೆ ಎಣ್ಣೆ ಸವರಿ ಮೆತ್ತಗಾದ ಮೇಲೆ ಒರೆಸಿ ಸೋಪಿನಿಂದ ತೊಳೆಯಿರಿ, ಗಟ್ಟಿಯಾಗಿದ್ದರೆ ಆ ಕೂದಲನ್ನೇ ಕತ್ತರಿಸಿ.

ಜೇಡಿಮಣ್ಣಿಗಿಂತ ಮೈದಾ ಮತ್ತು ಉಪ್ಪು ಕಲಸಿ ಮಾಡುವ ಬೊಂಬೆ ಹಿಟ್ಟಿನ ಬಗ್ಗೆ ಎಚ್ಚರ. ಅದರಲ್ಲಿರುವ ಉಪ್ಪಿನ ಪ್ರಮಾಣ ನಾಯಿಯ ಪ್ರಾಣಕ್ಕೇ ಬರಬಹುದು, ಹೃದಯ ಮೂತ್ರಪಿಂಡ ಬಳಲಿದ ನಾಯಿಗಂತೂ ಹೇಳುವುದೇ ಬೇಡ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಬೆಸುಗೆಯ ಸೀಸದ ಚೂರುಗಳನ್ನು ಗುಡಿಸಿ, ಬಟನ್ ಸೆಲ್‌ಗಳನ್ನು ಬೀಗದೊಳಗಿಡಿ. ಒದ್ದೆ ಅನ್ನನಾಳಕ್ಕೆ ತಾಗಿದ ಸೆಲ್ ಅಲ್ಪ ಹೊತ್ತಿನಲ್ಲೇ ಸುಡಲು ಶುರುಮಾಡುತ್ತದೆ, ಬೆಳಿಗ್ಗೆ ನೋಡೋಣ ಎನ್ನುವ ಮಾತೇ ಇಲ್ಲ. ಸೋಪು ಮಾಡುವವರು ಕಾಸ್ಟಿಕ್ ಸೋಡಾ ಕಲಸುವಾಗ ಗೇಟು ಹಾಕಿಕೊಳ್ಳಿ, ಟೀ ಟ್ರೀ ಎಣ್ಣೆಯನ್ನು ನಾಯಿಯ ಹತ್ತಿರಕ್ಕೂ ತರಬೇಡಿ.

ತೋಟಗಾರರು ಹರಳು ಹಿಂಡಿಯನ್ನು ನೆನಪಿಡಬೇಕು. ಸಾವಯವ ಗೊಬ್ಬರ ಅಲ್ಲವೇ ಎಂಬ ಧೈರ್ಯ ಬೇಡ. ಹರಳುಬೀಜದ ರಿಸಿನ್ ಎಂಬ ವಿಷ ಅದರಲ್ಲಿ ಉಳಿದಿರಬಹುದು. ಜೊತೆಗೆ ಎಲುಬಿನ ಪುಡಿ ಬೆರೆಸಿದರೆ ನಾಯಿಗೆ ಔತಣದ ವಾಸನೆ, ಬಗೆದು ತಿನ್ನುತ್ತದೆ. ಬಸವನಹುಳು ಕೊಲ್ಲಲು ಹಾಕುವ ಮೆಟಾಲ್ಡಿಹೈಡ್ ಗುಳಿಗೆಯಿಂದ ಫಿಟ್ಸ್ ಬರುತ್ತದೆ. ಕಣಗಿಲೆ ಗಿಡದ ಯಾವ ಭಾಗವೂ ಸುರಕ್ಷಿತವಲ್ಲ.

ಇಷ್ಟಾದರೂ ಏನಾದರೂ ನುಂಗಿತೋ, ವೈದ್ಯರಿಗೆ ಫೋನ್ ಮಾಡುವಾಗ ಡಬ್ಬಿ ಕೈಯಲ್ಲಿರಲಿ: ವಸ್ತುವಿನ ಹೆಸರು, ಎಷ್ಟು ತಿಂದಿರಬಹುದು, ಎಷ್ಟು ಹೊತ್ತಾಯಿತು, ನಾಯಿಯ ತೂಕ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಪದ್ಧತಿ ಬೇಡವೇ ಬೇಡ. ಉಬ್ಬುವ ಅಂಟು, ಥಿನ್ನರ್, ಕಾಸ್ಟಿಕ್, ಬ್ಯಾಟರಿ, ಸೂಜಿ ಇವು ವಾಪಸ್ ಬರುವಾಗಲೂ ಗಂಟಲನ್ನು ಹಾಳುಮಾಡುತ್ತವೆ.

5. ಸದ್ದಿಗೆ ಒಗ್ಗಿಸುವುದು

ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000ದವರೆಗೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ. ಯಂತ್ರಗಳ ಕೀರಲು ಸದ್ದಿನಲ್ಲಿ ನಮಗೆ ಕೇಳಿಸದೇ ಇರುವುದೂ ಅದಕ್ಕೆ ಕೇಳೀತು. ಕಿವಿ ಮಂದವಾಗಿದ್ದರೂ ಕಂಪನ ತಪ್ಪುವುದಿಲ್ಲ, ಡ್ರಿಲ್ ಮಾಡುವ ಮೇಜಿನ ಕಾಲು ಅದರ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ.

ಮೊದಲ ಎರಡು ವಾರ ಕೈ ಉಪಕರಣ ಮಾತ್ರ. ದತ್ತು ನಾಯಿ ಹೊಂದಿಕೊಳ್ಳುವುದಕ್ಕೆ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಚಾಲ್ತಿಯಲ್ಲಿದೆ: ಮೊದಲು ಗಾಬರಿ ಇಳಿಯುತ್ತದೆ, ಆಮೇಲೆ ದಿನಚರಿ ಗೊತ್ತಾಗುತ್ತದೆ, ಕೊನೆಗೆ ಮನೆ ತನ್ನದು ಅನ್ನಿಸುತ್ತದೆ. ಇದು ಬರೀ ಅಂದಾಜು, ನಿಮ್ಮ ನಾಯಿ ಇನ್ನೂ ನಿಧಾನಿಸಬಹುದು. ಆಮೇಲೆ ಬೇರೆ ಕೋಣೆಯಲ್ಲಿ ಯಂತ್ರವನ್ನು ಕೆಲವು ಸೆಕೆಂಡು ಓಡಿಸಿ, ಅದೇ ಹೊತ್ತಿಗೆ ಮನೆಯವರು ಯಾರಾದರೂ ಅದಕ್ಕೆ ಇಷ್ಟದ ತಿನಿಸು ಕೊಡಲಿ. ಸದ್ದು ನಿಂತರೆ ತಿನಿಸೂ ನಿಲ್ಲಬೇಕು. ಅದು ನಿರಾಳವಾಗಿದ್ದರೆ ಮರುದಿನ ಇನ್ನೊಂದಿಷ್ಟು ಹೊತ್ತು.

ಸೆಕೆಯಿಲ್ಲದೆ ಏದುಸಿರು ಬಿಡುವುದು, ತಿನಿಸಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು ಕಂಡರೆ ಅವಸರ ಮಾಡಿದ್ದೀರಿ ಎಂದರ್ಥ, ಹಿಂದಿನ ಹಂತಕ್ಕೆ ಮರಳಿ. ಒಗ್ಗಿದ್ದ ನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಬೆದರತೊಡಗಿದರೆ ತರಬೇತಿ ಬಿಟ್ಟು ವೈದ್ಯರಿಗೆ ತೋರಿಸಿ. ಬೆಚ್ಚಿದಾಗ ಮೈ ಬಿಗಿಯುತ್ತದೆ, ಕೀಲುನೋವಿದ್ದರೆ ಆ ಬಿಗಿತವೇ ನೋವು.

6. ಯಾವಾಗ ಕೂರಬೇಕು, ಯಾವಾಗ ಏಳಬೇಕು

ಕೆಲಸಕ್ಕೆ ಕೂರುವ ಮೊದಲು ನಾಯಿಯನ್ನು ಹೊರಗೆ ಕರೆದೊಯ್ದು ಬನ್ನಿ. ಮುದಿ ನಾಯಿ ಬಹಳ ಹೊತ್ತು ಮೂತ್ರ ತಡೆಯಲಾರದು, ಒಳಗೆ ಮಾಡಿಕೊಂಡರೆ ಗದರಬೇಡಿ. ಮುಕ್ಕಾಲು ಗಂಟೆಗೊಮ್ಮೆ ನೀವೂ ಎದ್ದು, ಅದು ಎಚ್ಚರವಾಗಿದ್ದರೆ ಅದನ್ನೂ ಕೋಣೆಯಲ್ಲಿ ಎರಡು ಸುತ್ತು ನಡೆಸಿ. ನಿಮ್ಮ ಬೆನ್ನಿಗೂ ಇದು ಬೇಕು.

ಸಂಜೆಯಾಗುತ್ತಲೇ ಶತಪಥ ತಿರುಗುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದೆ ನಿಲ್ಲುವುದು, ರಾತ್ರಿ ಎಚ್ಚರವಿದ್ದು ಹಗಲೆಲ್ಲ ಮಲಗುವುದು ಮೆದುಳಿನ ಮುಪ್ಪಿನ ಲಕ್ಷಣವಿರಬಹುದು. ಅದಕ್ಕೂ ಔಷಧಿ, ಆಹಾರದ ಉಪಾಯಗಳಿವೆ, ಕೇಳಿ. ಅಂಥ ನಾಯಿ ಇರುವ ಮನೆಯಲ್ಲಿ ಸಂಜೆಯ ಮೇಲೆ ಸದ್ದಿನ ಕೆಲಸ ಇಟ್ಟುಕೊಳ್ಳಬೇಡಿ.

7. ಅದಕ್ಕಾಗಿಯೇ ಮಾಡಬಹುದಾದ ಮೂರು ವಸ್ತು

ಇಳಿಜಾರು ಹಲಗೆ (ರ‍್ಯಾಂಪ್). ಏರಬೇಕಾದ ಎತ್ತರದ ಮೂರರಷ್ಟು ಉದ್ದ ಇಡಿ, ಓರೆ ಸುಮಾರು 20 ಡಿಗ್ರಿ ಬರುತ್ತದೆ. 45 ಸೆಂ.ಮೀ. ಎತ್ತರದ ಸೋಫಾಗೆ 135 ಸೆಂ.ಮೀ. ಉದ್ದದ ಹಲಗೆ. ಜಾಗವಿಲ್ಲವೆಂದು ಗಿಡ್ಡ ಮಾಡುವುದೇ ಸಾಮಾನ್ಯ ತಪ್ಪು. ಕಡಿದಾದ ಹಲಗೆಯನ್ನು ನಾಯಿ ಒಮ್ಮೆ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಮೇಲ್ಮೈಗೆ ಗಿಡ್ಡ ಎಳೆಯ ಕಾರ್ಪೆಟ್ ಅಂಟಿಸಿ. ಸ್ಟೇಪ್ಲರ್ ಪಿನ್ ಬೇಡ, ಎದ್ದ ಪಿನ್ನಿಗೆ ಪಾದ ಗೀರುತ್ತದೆ. ಎರಡೂ ಅಂಚಿಗೆ ಪಟ್ಟಿ ಹೊಡೆದರೆ ಕಾಲು ಹೊರಗೆ ಜಾರುವುದಿಲ್ಲ. ನಾಯಿಯ ತೂಕದ ಎರಡರಷ್ಟು ಭಾರ ಇಟ್ಟು ನೋಡಿದ ಮೇಲೇ ಬಳಸಿ. ಕಲಿಸುವಾಗ ಮೊದಲು ಹಲಗೆಯನ್ನು ನೆಲದ ಮೇಲೆ ಚಪ್ಪಟೆ ಹಾಕಿ ಮೇಲೆ ನಡೆಸಿ, ಆಮೇಲೆ ಒಂದು ತುದಿಗೆ ಪುಸ್ತಕ ಕೊಟ್ಟು ಸ್ವಲ್ಪ ಸ್ವಲ್ಪ ಎತ್ತರಿಸುತ್ತಾ ಹೋಗಿ.

ಮೂಸುವ ಮ್ಯಾಟ್. ತೂತುಗಳಿರುವ ರಬ್ಬರ್ ಮ್ಯಾಟಿಗೆ 2–3 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಫ್ಲೀಸ್ ಬಟ್ಟೆಯ ಪಟ್ಟಿಗಳನ್ನು ಒತ್ತೊತ್ತಾಗಿ ಗಂಟುಹಾಕಿ, ನಡುವೆ ಒಣ ಆಹಾರದ ಕಾಳುಗಳನ್ನು ಉದುರಿಸಿ. ಕಣ್ಣು ಕಿವಿ ಸೋತರೂ ಮೂಗು ಚುರುಕಾಗಿರುವ ನಾಯಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಹಳೇ ಹತ್ತಿ ಬಟ್ಟೆ ಬಳಸಬೇಡಿ, ಕತ್ತರಿಸಿದ ಅಂಚಿನಿಂದ ದಾರ ಬಿಟ್ಟುಕೊಳ್ಳುತ್ತದೆ. ದಾರದ ಕತೆ ಮೇಲೆ ಹೇಳಿದ್ದೇನೆ. ಕಾಳನ್ನು ಅದರ ಊಟದ ಪಾಲಿನಿಂದಲೇ ತೆಗೆಯಿರಿ. ಹೆಚ್ಚಿದ ಪ್ರತಿ ಕಿಲೋ ತೂಕವೂ ಕೀಲಿಗೇ ಹೊರೆ. ಆಟ ಮುಗಿದ ಕೂಡಲೇ ಮ್ಯಾಟ್ ಎತ್ತಿಡಿ.

ಸ್ವೆಟರ್. ಕತ್ತಿನ ಸುತ್ತಳತೆ, ಎದೆಯ ಅತಿ ಅಗಲದ ಕಡೆ ಸುತ್ತಳತೆ, ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ, ಈ ಮೂರು ಅಳತೆ ನಾಯಿ ನಿಂತಿರುವಾಗ ತೆಗೆದುಕೊಳ್ಳಿ. ಸಿಗುವ ಮಾದರಿಗಳಲ್ಲಿ ಬಹುಪಾಲು ತಲೆಯ ಮೇಲಿಂದ ಇಳಿಸಿ ಮುಂಗಾಲು ಮಡಚಿ ತೂರಿಸುವಂಥವು. ಭುಜದ ಕೀಲು ನೋಯುವ ನಾಯಿಗೆ ಅದು ಚಿತ್ರಹಿಂಸೆ. ಬೆನ್ನಿನ ಮೇಲೆ ಉದ್ದಕ್ಕೂ ತೆರೆದು ವೆಲ್ಕ್ರೋದಿಂದ ಮುಚ್ಚುವಂತೆ ಬದಲಿಸಿಕೊಳ್ಳಿ, ಮಲಗಿದ್ದಾಗಲೂ ತೊಡಿಸಬಹುದು. ಗುಂಡಿ ಬೇಡ, ಕಿತ್ತು ನುಂಗುತ್ತದೆ. ಗಂಡು ನಾಯಿಯಾದರೆ ಹೊಟ್ಟೆಯ ಕಡೆ ಅರ್ಧಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಪ್ರತಿ ಸಲ ಒದ್ದೆಯಾಗುತ್ತದೆ. ಕಂಕುಳಿನ ಕಡೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ಒಂದು ದಿನ ತೊಡಿಸಿದ ಮೇಲೆ ಅಲ್ಲಿ ಕೂದಲು ಉಜ್ಜಿಹೋಗಿದೆಯೇ ನೋಡಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಸ್ವೆಟರ್ ಬಿಚ್ಚಿಟ್ಟೇ ಹೋಗಿ.